ಮಗುವಿನ ಬಗ್ಗೆ ಅನುಮಾನ ಬಂದರೆ ಯಾರಿಗೆ, ಯಾವಾಗ, ಹೇಗೆ ಹೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ ಜಿಲ್ಲೆಯ ಶಾಲೆಗಳಲ್ಲಿ 28 ವರ್ಷ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಈಗ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಶಿಕ್ಷಕರ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಸಭೆಗಳಿಗೆ ಮಕ್ಕಳ ರಕ್ಷಣೆಯ ಬಗ್ಗೆ ಮಾತಾಡಲು ಹೋಗುತ್ತೇನೆ. ಸಭೆಯಲ್ಲಿ ಯಾರೂ ಹೆಚ್ಚು ಕೇಳುವುದಿಲ್ಲ. ಚಹಾಕ್ಕೆ ಬಿಟ್ಟಾಗ ಒಬ್ಬೊಬ್ಬರೇ ಪಕ್ಕಕ್ಕೆ ಕರೆದು ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಅನುಮಾನ ಬಂದರೆ ಹೇಳಲೇಬೇಕಾದವರು ಯಾರು? ಶಿಕ್ಷಕರು ಮತ್ತು ಡಾಕ್ಟರು ಮಾತ್ರವೇ?

ಅಲ್ಲ. ನಮ್ಮ ದೇಶದಲ್ಲಿ ಎಲ್ಲರೂ ಹೇಳಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 14ರಂದು ಜಾರಿಯಾಯಿತು. ಅದರ 19ನೇ ಕಲಂ ‘ಯಾವುದೇ ವ್ಯಕ್ತಿ’ ಎಂದು ಹೇಳುತ್ತದೆ. ಶಿಕ್ಷಕರು, ವೈದ್ಯರು, ಆಶಾ ಕಾರ್ಯಕರ್ತೆ, ಹಾಸ್ಟೆಲ್ ವಾರ್ಡನ್, ಬಿಸಿಯೂಟದ ಅಡುಗೆಯವರು, ಶಾಲಾ ವಾಹನದ ಡ್ರೈವರ್, ಪಕ್ಕದ ಮನೆಯ ಅಜ್ಜಿ, ಎಲ್ಲರೂ ಅದರಲ್ಲಿ ಬರುತ್ತಾರೆ. 18 ವರ್ಷ ತುಂಬದ ಎಲ್ಲರೂ ಈ ಕಾಯ್ದೆಯಲ್ಲಿ ಮಕ್ಕಳೇ.

ಅಪರಾಧ ನಡೆದದ್ದು ಗೊತ್ತಿದ್ದೂ ಹೇಳದಿದ್ದರೆ 21ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಮಕ್ಕಳಿಗೆ ಈ ಶಿಕ್ಷೆ ಇಲ್ಲ. ಗೆಳತಿಯ ಗುಟ್ಟು ಕಾಪಾಡಿದ ಹುಡುಗಿಯನ್ನು ಕಾನೂನು ಹಿಡಿಯುವುದಿಲ್ಲ.

ನಾನು ಹೆಡ್ ಮಾಸ್ತರರಿಗೆ ಹೇಳಿದ್ದೇನೆ. ನನ್ನ ಜವಾಬ್ದಾರಿ ಮುಗಿಯಿತು ಅಲ್ವಾ?

ಮುಗಿಯಲಿಲ್ಲ. ಕಾಯ್ದೆ ಹೇಳುವುದು ‘ಪೊಲೀಸರಿಗೆ ತಿಳಿಸಬೇಕು’ ಎಂದು. ಮೇಲಿನವರಿಗೆ ತಿಳಿಸಿ ಕೈತೊಳೆದುಕೊಳ್ಳಬಹುದು ಎಂದು ಎಲ್ಲೂ ಇಲ್ಲ. ಹೆಡ್ ಮಾಸ್ತರರಿಗೆ ಹೇಳಿ, ಅದು ಒಳ್ಳೆಯದೇ. ಆದರೆ ಅವರು ಅದೇ ದಿನ ಠಾಣೆಗೆ ತಿಳಿಸಿದರೇ ಎಂದು ಕೇಳಿ. ಇಲ್ಲ ಎಂದಾದರೆ ನೀವೇ ತಿಳಿಸಿ. ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಅನುಮತಿ ಬೇಕಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಠರಾವು ಕೂಡ ಬೇಕಿಲ್ಲ.

ಸಂಸ್ಥೆಯ ಮುಖ್ಯಸ್ಥರಿಗೆ ಕಾನೂನು ಇನ್ನೂ ಬಿಗಿ. ತಮ್ಮ ಕೈಕೆಳಗಿನ ಸಿಬ್ಬಂದಿ ಮಾಡಿದ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ 7ನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಶಾಲೆ ಬಿಟ್ಟ ಮೇಲೂ ಹೋಗುತ್ತಿರಲಿಲ್ಲ. ಬೋರ್ಡು ಒರೆಸುತ್ತಿದ್ದಳು, ಕಸ ಹೊಡೆಯುತ್ತಿದ್ದಳು, ಮತ್ತೆ ಬೋರ್ಡು ಒರೆಸುತ್ತಿದ್ದಳು. ಒಂದು ದಿನ ‘ಅಕ್ಕೋರ, ನಾ ಮನಿಗೆ ಹೋಗಂಗಿಲ್ರಿ’ ಎಂದಳು. ಯಾಕೆ ಎಂದು ಕೇಳಿದರೆ ಸುಮ್ಮನಾದಳು. ನಾನು ಮೇಲಿನವರಿಗೆ ಹೇಳಿದೆ. ‘ಅವರ ಮನಿ ವಿಚಾರ, ನೀವ್ಯಾಕ ಸುಮ್ನ ಮೈಮ್ಯಾಗ ಹಾಕ್ಕೋತೀರಿ’ ಎಂದರು. ನಾನು ಹೇಳಿಯಾಯಿತಲ್ಲ ಎಂದುಕೊಂಡು ಸುಮ್ಮನಾದೆ. ದಸರಾ ರಜೆ ಮುಗಿದು ಶಾಲೆ ಶುರುವಾದಾಗ ಅವಳು ಬರಲಿಲ್ಲ. ಯಾವುದೋ ಊರಿಗೆ ಕಳಿಸಿದರು ಎಂದರು. ಆಗ ಪೋಕ್ಸೊ ಇರಲಿಲ್ಲ. ಆದರೆ ಪೊಲೀಸ್ ಠಾಣೆ ಇತ್ತು, ನನಗೆ ಕಾಲೂ ಇದ್ದವು. ಅದು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ನನಗೆ ಅನುಮಾನ ಮಾತ್ರ ಇದೆ, ಸಾಕ್ಷಿ ಇಲ್ಲ. ಹೇಗೆ ಹೇಳಲಿ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಜನ ಎಡವುವುದೂ ಇಲ್ಲೇ.

ಅಪರಾಧ ನಡೆದಿದೆ ಎಂದು ಗೊತ್ತಿದ್ದರೂ ಹೇಳಬೇಕು, ನಡೆಯಬಹುದು ಎಂಬ ಆತಂಕ ಇದ್ದರೂ ಹೇಳಬೇಕು. ಎರಡನ್ನೂ ಕಾಯ್ದೆ ಸೇರಿಸಿದೆ. ಸಾಬೀತು ಮಾಡುವುದು ನಿಮ್ಮ ಕೆಲಸ ಅಲ್ಲ. ತನಿಖೆಗೆ ಪೊಲೀಸರಿದ್ದಾರೆ, ತೀರ್ಪಿಗೆ ನ್ಯಾಯಾಧೀಶರಿದ್ದಾರೆ. ಕಂಡದ್ದನ್ನು, ಕೇಳಿದ್ದನ್ನು ಕಂಡ ಹಾಗೆ, ಕೇಳಿದ ಹಾಗೆ ತಿಳಿಸುವುದಷ್ಟೇ ನಿಮ್ಮ ಪಾಲಿನದು.

ಎಷ್ಟೋ ಒಳ್ಳೆಯ ಶಿಕ್ಷಕರು ಮೊದಲು ತಾವೇ ವಿಚಾರಣೆ ಶುರು ಮಾಡುತ್ತಾರೆ. ಹುಡುಗಿಯನ್ನು ನಾಲ್ಕು ಸಲ ಕರೆದು ಕೇಳುತ್ತಾರೆ. ಅವಳ ಗೆಳತಿಯರನ್ನು ಕೇಳುತ್ತಾರೆ. ಆಮೇಲೆ ‘ಒಂದು ಸಲ ಅವನನ್ನೂ ಕೇಳಿ ನೋಡೋಣ’ ಎಂದು ಆರೋಪ ಇರುವವನನ್ನೇ ಕರೆಸುತ್ತಾರೆ. ಮನಸ್ಸು ಒಳ್ಳೆಯದೇ, ಆದರೆ ಪರಿಣಾಮ ಕೆಟ್ಟದ್ದು. ಅವನಿಗೆ ಸುದ್ದಿ ಮುಟ್ಟುತ್ತದೆ. ಸಂಜೆ ಮನೆಯಲ್ಲಿ ಆ ಮಗುವಿನ ಬಾಯಿ ಮುಚ್ಚಿಸುತ್ತಾರೆ. ಮರುದಿನ ಮಗು ‘ಹಂಗೇನೂ ಆಗಿಲ್ರಿ’ ಎನ್ನುತ್ತದೆ.

ಯಾವ ಲಕ್ಷಣ ಕಂಡರೆ ಅನುಮಾನ ಪಡಬೇಕು?

ಒಂದೇ ಲಕ್ಷಣದಿಂದ ಏನನ್ನೂ ನಿರ್ಧರಿಸಲು ಆಗದು. ಮಂಕಾಗಿ ಕೂತ ಮಗುವಿಗೆ ಜ್ವರವೂ ಇರಬಹುದು. ಆದರೆ ಮಗು ಇದ್ದಕ್ಕಿದ್ದ ಹಾಗೆ ಬದಲಾದರೆ ಗಮನ ಕೊಡಿ. ನಗುತ್ತಿದ್ದವಳು ಮಾತು ಬಿಟ್ಟರೆ, ಓದುತ್ತಿದ್ದವನು ಪುಸ್ತಕ ಮುಟ್ಟದಿದ್ದರೆ, ಒಬ್ಬ ವ್ಯಕ್ತಿಯ ಹೆಸರು ಬಂದ ಕೂಡಲೇ ಮುಖ ಬಾಡಿದರೆ ಅಲ್ಲಿ ಏನೋ ಇದೆ. ಕೂರಲು, ನಡೆಯಲು ಕಷ್ಟ, ಉಚ್ಚೆ ಹೊಯ್ಯುವಾಗ ನೋವು, ಬಟ್ಟೆಯ ಮೇಲೆ ರಕ್ತ, ಇವನ್ನು ಯಾವತ್ತೂ ಹಗುರವಾಗಿ ನೋಡಬೇಡಿ. ಚಿಕ್ಕ ಮಗು ಅದರ ವಯಸ್ಸಿಗೆ ಮೀರಿದ ಲೈಂಗಿಕ ಮಾತು ಆಡಿದರೆ, ಆಟದಲ್ಲಿ ಹಾಗೆ ನಡೆದುಕೊಂಡರೆ ಬೈಯಬೇಡಿ. ಅದನ್ನು ಎಲ್ಲೋ ನೋಡಿರಬಹುದು, ಇಲ್ಲಾ ಅನುಭವಿಸಿರಬಹುದು.

ಮುಂಡರಗಿ, ರೋಣದ ಕಡೆ ತಂದೆತಾಯಿ ಗುಳೆ ಹೋದಾಗ ಮಕ್ಕಳು ಸಂಬಂಧಿಕರ ಮನೆಯಲ್ಲಿ ಉಳಿಯುತ್ತಾರೆ. ಆ ತಿಂಗಳುಗಳಲ್ಲಿ ಇನ್ನೂ ಎಚ್ಚರ ಇರಬೇಕು. ದಿನವೂ ‘ಹೆಂಗದಿ’ ಎಂದು ಕೇಳುವ ದೊಡ್ಡವರು ಆ ಮಕ್ಕಳ ಹತ್ತಿರ ಯಾರೂ ಇರುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಸೋದರಮಾವನ ಜೊತೆ ಮದುವೆ ಮಾಡುವ ರೂಢಿ ಇದೆ. ಹಾಗಾಗಿ ‘ಮಾವ ಅಲ್ಲೇನ, ನಾಳೆ ಲಗ್ನ ಆಗಾವ’ ಎಂದು ಸಲಿಗೆಯನ್ನು ನಕ್ಕು ಬಿಡುತ್ತಾರೆ. 12 ವರ್ಷದ ಹುಡುಗಿಗೆ ಆ ಸಲಿಗೆ ಹೆದರಿಕೆ ಹುಟ್ಟಿಸುತ್ತಿದ್ದರೆ ಅದು ಸಲಿಗೆ ಅಲ್ಲ. ಮಾವನಾಗಲಿ, ದೊಡ್ಡಪ್ಪನಾಗಲಿ, ರಕ್ತ ಸಂಬಂಧಿ ಮಾಡಿದ ಅಪರಾಧವನ್ನು ಪೋಕ್ಸೊ ಹೆಚ್ಚು ಗಂಭೀರ ಎಂದೇ ಎಣಿಸುತ್ತದೆ.

ಮಗು ತಾನೇ ಬಂದು ಹೇಳಿದರೆ ನಾನು ಏನು ಮಾಡಬೇಕು?

ಮೊದಲು ಕೈಯಲ್ಲಿದ್ದ ಕೆಲಸ ಬಿಡಿ. ‘ತಡಿ, ಹಾಜರಿ ಮುಗಿಸ್ತೀನಿ’ ಎಂದರೆ ಆ ಮಗು ತಿರುಗಿ ಬರಲಿಕ್ಕಿಲ್ಲ. ಧೈರ್ಯ ಮಾಡಿ ಬಾಗಿಲವರೆಗೆ ಬರಲು ಅದಕ್ಕೆ ಎಷ್ಟು ದಿನ ಹಿಡಿದಿರುತ್ತದೋ!

ಗದ್ದಲ ಇಲ್ಲದ, ಆದರೆ ಹೊರಗಿನವರಿಗೆ ಕಾಣುವ ಜಾಗದಲ್ಲಿ ಕೂರಿಸಿ. ಮೇಜಿನ ಆಚೆ ಕೂರದೆ ಪಕ್ಕದಲ್ಲಿ ಕೂರಿ. ಮಗು ಹೇಳುವುದನ್ನು ಕೇಳಿ. ನಡುವೆ ಸುಮ್ಮನಾದರೆ ನೀವೂ ಸುಮ್ಮನಿರಿ. ‘ಆಮೇಲೆ ಏನಾಯಿತು?’ ಎಂದು ಕೇಳಬಹುದು. ‘ಅವನು ಇಲ್ಲಿ ಮುಟ್ಟಿದನಾ?’ ಎಂದು ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ಮುಂದೆ ಕೋರ್ಟಿನಲ್ಲಿ ‘ಇದು ಟೀಚರ್ ಹೇಳಿಕೊಟ್ಟದ್ದು’ ಎಂಬ ವಾದ ಬರುವುದು ಇಂಥ ಪ್ರಶ್ನೆಗಳಿಂದಲೇ.

‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಬೇಡಿ. ‘ನೀ ಯಾಕೆ ಅಲ್ಲಿಗೆ ಹೋಗಿದ್ದಿ?’ ಎಂದೂ ಕೇಳಬೇಡಿ. ಎರಡರಲ್ಲೂ ತಪ್ಪು ಮಗುವಿನ ತಲೆಗೆ ಬರುತ್ತದೆ. ಅದರ ಬದಲು ಹೀಗೆ ಹೇಳಿ: ‘ನೀ ಹೇಳಿದ್ದು ಛಲೋ ಆತು. ಇದರಾಗ ನಿಂದೇನೂ ತಪ್ಪಿಲ್ಲ.’

ಮಗು ಸಾಮಾನ್ಯವಾಗಿ ಒಂದು ಮಾತು ಕೇಳುತ್ತದೆ. ‘ಅಕ್ಕೋರ, ಯಾರ ಮುಂದೂ ಹೇಳಬ್ಯಾಡ್ರಿ, ಆಣಿ ಮಾಡ್ರಿ.’ ಆಣೆ ಮಾಡಬೇಡಿ. ಮಾಡಿ ಮುರಿದರೆ ಅದು ನಂಬಿದ ಕೊನೆಯ ವ್ಯಕ್ತಿಯೂ ಹೋದ ಹಾಗೆ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳತೀನಿ. ಬ್ಯಾರೆ ಯಾರ ಮುಂದೂ ನಾ ಹೇಳಂಗಿಲ್ಲ’ ಎಂದು ನಿಜ ಹೇಳಿ.

ಮಗು ಹೋದ ಕೂಡಲೇ ದಿನಾಂಕ, ಸಮಯ ಹಾಕಿ ಬರೆದಿಡಿ. ಮಗುವಿನ ಮಾತಿನಲ್ಲೇ ಬರೆಯಿರಿ. ಅದು ‘ಹೊಲಸು ಮಾಡಿದ’ ಎಂದರೆ ನೀವೂ ಅದನ್ನೇ ಬರೆಯಿರಿ, ‘ಲೈಂಗಿಕ ಕಿರುಕುಳ ನೀಡಿದ’ ಎಂದು ತಿದ್ದಬೇಡಿ. ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ. ಗಾಯದ ಫೋಟೊ ತೆಗೆಯಬೇಡಿ.

ಘಟನೆ ಇತ್ತೀಚಿನದಾದರೆ ಮಗುವಿಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ನೆನಪಿಡಿ. ಬಟ್ಟೆ ಬದಲಿಸಿಯೇ ಆಗಿದ್ದರೆ ಹಳೆಯದನ್ನು ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಹಾಗಾಗಿ ‘ಸೋಮವಾರ ನೋಡೋಣ’ ಎನ್ನುವ ಮಾತೇ ಬೇಡ.

ನಮ್ಮ ಕಡೆ ಯಾರಿಗೆ ತಿಳಿಸಬೇಕು?

ಹತ್ತಿರದ ಪೊಲೀಸ್ ಠಾಣೆಗೆ, ಅಥವಾ ಜಿಲ್ಲೆಯ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ. ಕಾನೂನು ಹೇಳುವುದು ಈ ಎರಡನ್ನೇ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಠಾಣೆಗಳು ಪೊಲೀಸ್ ಕಮಿಷನರ್ ಕೆಳಗೆ ಬರುತ್ತವೆ. ಕುಂದಗೋಳ, ಕಲಘಟಗಿ, ನವಲಗುಂದದಂಥ ಕಡೆ ಧಾರವಾಡ ಜಿಲ್ಲಾ ಎಸ್‌ಪಿ. ಗದಗ, ಹಾವೇರಿಯಲ್ಲಿ ಆಯಾ ಜಿಲ್ಲೆಯ ಎಸ್‌ಪಿ.

ತುರ್ತು ಇದ್ದರೆ 112. ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ಆಗಲೇ ಮಗುವಿಗೆ ಅಪಾಯ ಇದೆ ಎಂದಾದರೆ ಯಾವ ನಂಬರು ಮೊದಲು ಎಂದು ಯೋಚಿಸಬೇಡಿ. ಕೈಗೆ ಸಿಕ್ಕಿದ್ದಕ್ಕೆ ಮಾಡಿ.

ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಎಲ್ಲಿ ಸುರಕ್ಷಿತವಾಗಿ ಇರಬೇಕು ಎಂದು ನೋಡುವವರು ಅವರು. ಅಪರಾಧ ನಡೆದದ್ದು ಮನೆಯಲ್ಲೇ ಆಗಿದ್ದರೆ ಈ ಸಮಿತಿಯ ಕೆಲಸ ಬಹಳ ದೊಡ್ಡದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಬಹುದು. ತಾಲ್ಲೂಕಿನಲ್ಲಿ ಅದೇ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಇರುತ್ತಾರೆ. ಆದರೆ ನೀವು ಶಾಲೆ, ಆಸ್ಪತ್ರೆ, ಹಾಸ್ಟೆಲ್ಲಿನಲ್ಲಿ ಕೆಲಸ ಮಾಡುವವರಾದರೆ ಪೊಲೀಸರಿಗೂ ಬರವಣಿಗೆಯಲ್ಲಿ ಕೊಡಿ. ನಾಳೆ ‘ನೀವು ಹೇಳಲೇ ಇಲ್ಲ’ ಎನ್ನುವ ಮಾತು ಬರಬಾರದು.

ಎಷ್ಟು ಹೊತ್ತಿನೊಳಗೆ ಹೇಳಬೇಕು?

ಅದೇ ದಿನ. ಗೊತ್ತಾದ ಮೇಲೆ ಪೊಲೀಸರೇ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ಕೋರ್ಟಿಗೂ ವರದಿ ಮಾಡಬೇಕು. ಅವರಿಗೇ ಅಷ್ಟು ಅವಸರ ಇರುವಾಗ ನಾವು ವಾರ ತೆಗೆದುಕೊಳ್ಳುವುದು ಹೇಗೆ?

ಬಸ್‌ಸ್ಟ್ಯಾಂಡಿನಲ್ಲೋ ಹುಬ್ಬಳ್ಳಿ ರೈಲು ನಿಲ್ದಾಣದಲ್ಲೋ ಒಂಟಿಯಾಗಿ, ಮನೆಯವರಿಲ್ಲದೆ ಮಗು ಸಿಕ್ಕರೆ ಬಾಲನ್ಯಾಯ ಕಾಯ್ದೆ 2015 ಅನ್ವಯಿಸುತ್ತದೆ. ಅಲ್ಲಿ 24 ಗಂಟೆಯ ಗಡುವು ಸ್ಪಷ್ಟವಾಗಿದೆ. ಮರುಕದಿಂದ ಮನೆಗೆ ಕರೆದೊಯ್ದು ಇಟ್ಟುಕೊಂಡರೂ ತಿಳಿಸದಿದ್ದರೆ ಅದು ಅಪರಾಧ.

ಠಾಣೆಯಲ್ಲಿ ಏನು ಹೇಳಬೇಕು? ದೂರು ತೆಗೆದುಕೊಳ್ಳದಿದ್ದರೆ?

ಮಗುವಿನ ಹೆಸರು, ವಯಸ್ಸು, ಎಲ್ಲಿದೆ, ಈಗ ಸುರಕ್ಷಿತವಾಗಿದೆಯೇ ಎಂದು ಹೇಳಿ. ನೀವು ಏನು ಕಂಡಿರಿ, ಮಗು ಏನು ಹೇಳಿತು ಎಂದು ಹೇಳಿ. ಕಂಡದ್ದು ಬೇರೆ, ಯಾರೋ ಹೇಳಿದ್ದು ಬೇರೆ, ನಿಮ್ಮ ಊಹೆ ಬೇರೆ. ಮೂರನ್ನೂ ಕಲಸಬೇಡಿ. ಬಾಯಿಮಾತಿನಲ್ಲಿ ಹೇಳಿದರೂ ಪೊಲೀಸರು ಅದನ್ನು ಬರೆದುಕೊಂಡು, ನಂಬರು ಕೊಟ್ಟು, ನಿಮಗೆ ಓದಿ ಹೇಳಬೇಕು. ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಎಫ್‌ಐಆರ್ ಪ್ರತಿ ಉಚಿತ.

‘ಇದು ನಮ್ಮ ಹದ್ದಿಗೆ ಬರಂಗಿಲ್ಲ’ ಎಂದು ಕಳಿಸಿದರೆ ಜೀರೋ ಎಫ್‌ಐಆರ್ ಮಾಡಿ ಎನ್ನಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ನೇರವಾಗಿಯೇ ಇದೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುವ ಹುಡುಗ, ರಜೆಯಲ್ಲಿ ಹಿರೇಕೆರೂರಿನ ತನ್ನೂರಿನಲ್ಲಿ ನಡೆದದ್ದನ್ನು ಹೇಳಿದ ಎಂದುಕೊಳ್ಳಿ. ದೂರನ್ನು ಧಾರವಾಡದಲ್ಲೇ ಕೊಡಬಹುದು. ಹಾವೇರಿ ಜಿಲ್ಲೆಗೆ ಕಳಿಸುವುದು ಪೊಲೀಸರ ಕೆಲಸ. ಆಗಲೂ ಒಪ್ಪದಿದ್ದರೆ ಎಸ್‌ಪಿ ಅಥವಾ ಕಮಿಷನರ್‌ಗೆ ಅಂಚೆಯಲ್ಲಿ ಬರೆದು ಕಳಿಸಿ, ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಪ್ರತಿ ಕೊಡಿ. ಮಾಹಿತಿಯನ್ನು ದಾಖಲಿಸದ ಪೊಲೀಸರಿಗೂ ಅದೇ 21ನೇ ಕಲಮಿನ ಶಿಕ್ಷೆ ಇದೆ.

ನನ್ನ ಹೆಸರು ಹೊರಗೆ ಬರುತ್ತದೆಯೇ? ಊರಲ್ಲೇ ಇರಬೇಕಲ್ಲ.

ಈ ಭಯವನ್ನು ನಾನು ಸಣ್ಣದು ಎನ್ನುವುದಿಲ್ಲ. 40 ಮನೆಯ ಊರಿನಲ್ಲಿ ಅಂಗನವಾಡಿ ನಡೆಸುವವಳು ಮರುದಿನ ಅದೇ ಓಣಿಯಲ್ಲಿ ನೀರಿಗೆ ಹೋಗಬೇಕು.

1098ಕ್ಕೆ ಹೆಸರು ಹೇಳದೆಯೂ ತಿಳಿಸಬಹುದು. ಠಾಣೆಯಲ್ಲಿ ದೂರು ಕೊಟ್ಟರೆ ಹೆಸರು ದಾಖಲಾಗುತ್ತದೆ, ಮುಂದೆ ಸಾಕ್ಷಿಯಾಗಿ ಕರೆಯಬಹುದು. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಕಾಯ್ದೆ ಬರೆದುಕೊಟ್ಟಿದೆ. ಬೆದರಿಕೆ ಬಂದರೆ ಅದು ಇನ್ನೊಂದು ಅಪರಾಧ. ಅದಕ್ಕೂ ದೂರು ಕೊಡಿ. ಸಾಧ್ಯವಾದರೆ ಒಬ್ಬರೇ ಹೋಗಬೇಡಿ. ಇಬ್ಬರು ಶಿಕ್ಷಕಿಯರು ಸೇರಿ ಸಹಿ ಹಾಕಿದರೆ ಭಾರ ಅರ್ಧ ಆಗುತ್ತದೆ.

ಅನುಮಾನ ಸುಳ್ಳಾದರೆ ನನಗೆ ಶಿಕ್ಷೆ ಆಗುತ್ತದೆಯೇ?

ಇಲ್ಲ. 22ನೇ ಕಲಂ ಶಿಕ್ಷಿಸುವುದು ಬೇಕೆಂದೇ ಸುಳ್ಳು ದೂರು ಕೊಟ್ಟವರನ್ನು. ಅವಮಾನ ಮಾಡಲು, ಹಣ ಕೀಳಲು, ಹೆದರಿಸಲು, ಹೆಸರು ಕೆಡಿಸಲು ಕೊಟ್ಟ ದೂರು ಅದು. ನಿಜವಾಗಿ ಆತಂಕಪಟ್ಟು ಹೇಳಿದ್ದು ಕೋರ್ಟಿನಲ್ಲಿ ಸಾಬೀತಾಗದಿದ್ದರೆ ಅದು ಸುಳ್ಳು ದೂರು ಆಗುವುದಿಲ್ಲ.

ಮನೆಯವರೇ ಬೇಡ ಎನ್ನುತ್ತಾರೆ. ಊರ ಹಿರಿಯರು ಕೂತು ಬಗೆಹರಿಸಿದ್ದಾರೆ. ಆಗಲೂ ಹೇಳಬೇಕೇ?

ಹೇಳಬೇಕು. ತಾಯಿ ಕೈಮುಗಿದು ಬೇಡಿಕೊಂಡಾಗ ಇದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ‘ಹುಡುಗಿ ಹೆಸರು ಕೆಡತೈತ್ರಿ, ನಾಳೆ ಯಾರ ಮಾಡ್ಕೋತಾರ’ ಎಂದು ಅಳುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಬೇಡಿ. ಅವಳೂ ಹೆದರಿದ್ದಾಳೆ. ಮಾಡಿದವನೇ ಮನೆಗೆ ದುಡಿದು ಹಾಕುವವನಾದರೆ ನಾಳಿನ ರೊಟ್ಟಿಯ ಚಿಂತೆಯೂ ಅವಳಿಗಿದೆ. ಪಕ್ಕದಲ್ಲಿ ಕೂತು ಹೇಳಿ: ಕೋರ್ಟಿನ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯುತ್ತದೆ, ಮಗಳ ಹೆಸರು ಪೇಪರಿನಲ್ಲಿ ಬರುವಂತಿಲ್ಲ, ಸರ್ಕಾರದಿಂದ ಪರಿಹಾರ ಕೇಳಬಹುದು, ಕೋರ್ಟು ಮಧ್ಯಂತರ ಪರಿಹಾರವನ್ನೂ ಕೊಡಿಸಬಹುದು, ವಕೀಲರ ಖರ್ಚಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಇದ್ಯಾವುದೂ ಅವಳಿಗೆ ಗೊತ್ತಿರುವುದಿಲ್ಲ. ಬೇಡ ಎನ್ನುವ ಎಷ್ಟೋ ತಾಯಂದಿರಿಗೆ ದಾರಿ ಇದೆ ಎಂದು ಹೇಳಿದವರೇ ಇರುವುದಿಲ್ಲ.

ಇನ್ನು ಹಿರಿಯರ ಪಂಚಾಯ್ತಿ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಇವನ್ನು ಗುಡಿಯ ಕಟ್ಟೆಯ ಮೇಲೆ ಕೂತು ಬಗೆಹರಿಸುವ ಹಿರಿಯರ ಬಗ್ಗೆ ನನಗೆ ಗೌರವ ಇದೆ. ಆದರೆ ಮಗುವಿನ ಮೈಮೇಲಿನ ಅಪರಾಧಕ್ಕೆ ಬೆಲೆ ಕಟ್ಟಲು ಯಾರಿಗೂ ಅಧಿಕಾರ ಇಲ್ಲ. ತಪ್ಪಿಗೆ ದಂಡ ಹಾಕಿಸಿ, ಕಾಲು ಮುಟ್ಟಿಸಿ ಕಳಿಸಿದರೆ ಮಗು ಅದೇ ಓಣಿಯಲ್ಲಿ ಅವನನ್ನು ದಿನವೂ ನೋಡಬೇಕು. ರಾಜಸ್ಥಾನದ ಒಬ್ಬ ಶಿಕ್ಷಕನ ಪ್ರಕರಣದಲ್ಲಿ ಮನೆಯವರು ರಾಜಿಯಾದರು ಎಂದು ಹೈಕೋರ್ಟ್ ಕೇಸು ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವ್ಯವಹಾರ ಅಲ್ಲ ಎಂದು ಹೇಳಿತು. ಹೈಕೋರ್ಟಿನ ರಾಜಿಯೇ ನಿಲ್ಲಲಿಲ್ಲ ಎಂದ ಮೇಲೆ ಕಟ್ಟೆಯ ರಾಜಿ ನಿಲ್ಲುವುದುಂಟೇ?

ನಾನು ವೈದ್ಯ, ನರ್ಸ್, ಅಥವಾ ಆಶಾ ಕಾರ್ಯಕರ್ತೆ. ರೋಗಿಯ ಗುಟ್ಟು ಕಾಪಾಡಬೇಕಲ್ಲ?

ಇಲ್ಲಿ ಮಗುವಿನ ರಕ್ಷಣೆ ಮೊದಲು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಶಾಲಾ ಹಾಸ್ಟೆಲ್ ಒಂದರಲ್ಲಿ ಹುಡುಗಿಯರ ಮೇಲೆ ದೌರ್ಜನ್ಯ ನಡೆದಿತ್ತು. ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೈಕೋರ್ಟ್ ರದ್ದು ಮಾಡಿದ್ದ ಆ ಕೇಸನ್ನು 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಮತ್ತೆ ಜೀವಂತ ಮಾಡಿತು. ಗೊತ್ತಿದ್ದೂ ವರದಿ ಮಾಡದಿರುವುದು ಗಂಭೀರ ಅಪರಾಧ ಎಂದಿತು.

ಚಿಕಿತ್ಸೆಗೆ ಪೊಲೀಸ್ ಕಾಗದ ಕೇಳುವಂತಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಇರಲಿ, ಗದಗದ ಜಿಮ್ಸ್ ಇರಲಿ, ಹಾವೇರಿ ಜಿಲ್ಲಾ ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಂ ಇರಲಿ, ತುರ್ತು ಚಿಕಿತ್ಸೆ ಮೊದಲು ಮತ್ತು ಉಚಿತವಾಗಿ. ಹುಡುಗಿಯನ್ನು ಪರೀಕ್ಷಿಸುವುದು ಮಹಿಳಾ ವೈದ್ಯೆಯೇ ಆಗಿರಬೇಕು, ತಂದೆತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು.

ಬಾಲಕಿ ಗರ್ಭಿಣಿಯಾಗಿ ಬಂದಾಗ ಒಂದು ವಿಶೇಷ ಇದೆ. ಒಪ್ಪಿತ ಸಂಬಂಧದಿಂದ ಗರ್ಭಿಣಿಯಾಗಿ ಗರ್ಭಪಾತಕ್ಕೆ ಬಂದಿದ್ದರೆ, ಅವಳೂ ಪೋಷಕರೂ ಕೇಳಿಕೊಂಡಾಗ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ತಿಳಿಸಬೇಕಿಲ್ಲ. 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪು ಹೀಗೆ ಹೇಳುತ್ತದೆ. ಪೊಲೀಸರ ಹೆದರಿಕೆಯಿಂದ ಹುಡುಗಿಯರು ನಾಟಿ ಮದ್ದಿನವರ ಹತ್ತಿರ ಹೋಗಿ ಜೀವ ಕಳೆದುಕೊಳ್ಳಬಾರದಲ್ಲ.

16, 17 ವರ್ಷದವರು ಪ್ರೀತಿಸಿ ಹೋದರೆ?

ಕಾನೂನಿಗೆ 18ರ ಕೆಳಗಿನ ಒಪ್ಪಿಗೆ ಒಪ್ಪಿಗೆಯಲ್ಲ. ತಿಳಿಸುವ ಹೊಣೆ ಹಾಗೆಯೇ ಇದೆ. ಈ ವಯಸ್ಸಿನ ಹುಡುಗರು ಜೈಲಿಗೆ ಹೋಗುವುದನ್ನು ನೋಡಿದಾಗ ನನಗೂ ಸಂಕಟ ಆಗುತ್ತದೆ. ಆದರೆ ಅದನ್ನು ತೂಗಿ ನೋಡುವುದು ಕೋರ್ಟಿನ ಕೆಲಸ.

ಬಾಲ್ಯವಿವಾಹವೂ ಇದರಲ್ಲಿ ಬರುತ್ತದೆಯೇ?

ಬರುತ್ತದೆ. ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಕರ್ನಾಟಕದಲ್ಲಿ ತಿದ್ದುಪಡಿ ಆದ ಮೇಲೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂದರೆ ತಾಳಿ ಕಟ್ಟಿದರೂ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಮದುವೆ ಆಗಿದೆ ಎಂದು ಲೈಂಗಿಕ ಸಂಬಂಧಕ್ಕೆ ಮಾಫಿಯೂ ಇಲ್ಲ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಮದುವೆ ನಿಲ್ಲಿಸಲು ಒಳ್ಳೆಯ ಹೊತ್ತು ಅಕ್ಕಿಕಾಳಿನ ಹಿಂದಿನ ದಿನ ಅಲ್ಲ. ಸೀರೆ ತರಲು ಹೋದಾಗಲೇ, ಹುಡುಗಿ ಪರೀಕ್ಷೆಗೆ ಗೈರಾದಾಗಲೇ ತಿಳಿಯುತ್ತದೆ. ಆಗಲೇ 1098ಕ್ಕೆ ಅಥವಾ ಸಿಡಿಪಿಒಗೆ ಹೇಳಿ. ಅಕ್ಷಯ ತೃತೀಯದ ಆಸುಪಾಸಿನ ಸಾಮೂಹಿಕ ವಿವಾಹಗಳಲ್ಲಿ ವಯಸ್ಸಿನ ದಾಖಲೆ ನೋಡುವವರಿಗೆ ನನ್ನದೊಂದು ವಿನಂತಿ. ಆಧಾರ್ ಕಾರ್ಡಿನ ಜೊತೆ ಶಾಲೆಯ ದಾಖಲೆಯನ್ನೂ ಕೇಳಿ.

ಹೊಡೆತ, ಉಪವಾಸ, ದುಡಿಮೆ ಇವುಗಳಿಗೆ?

ಪೋಕ್ಸೊ ಇರುವುದು ಲೈಂಗಿಕ ಅಪರಾಧಗಳಿಗೆ. ಉಳಿದ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. 14ರ ಕೆಳಗಿನವರನ್ನು ಕೆಲಸಕ್ಕೆ ಹಚ್ಚಲು 1986ರ ಬಾಲಕಾರ್ಮಿಕ ಕಾಯ್ದೆ ಬಿಡುವುದಿಲ್ಲ. 18ರ ಕೆಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ನಿಮ್ಮ ತರಗತಿಯ ಬೆಂಚು ಖಾಲಿಯಾದರೆ, ಆ ಮಗು ಕೈ ಉರಿ, ಕಣ್ಣುರಿ ಎಂದು ಬಂದರೆ, ಸುಮ್ನೆ ‘ಗೈರು’ ಎಂದು ಬರೆದು ಬಿಡಬೇಡಿ. 1098 ಇದಕ್ಕೂ ಇದೆ.

ಗಂಡು ಮಕ್ಕಳಿಗೂ ಪೋಕ್ಸೊ ಇದೆಯೇ?

ಇದೆ. ಮಗು ಎಂದರೆ ಮಗು. ‘ಗಂಡ್ಸು, ಏನಾಗತೈತಿ’ ಎಂದು ನಕ್ಕರೆ ಆ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಮಗುವಿನ ಅಶ್ಲೀಲ ವಿಡಿಯೊ ಬಂತು. ಎಲ್ಲರಿಗೂ ಗೊತ್ತಾಗಲಿ ಎಂದು ಕಳಿಸಬಹುದೇ?

ಖಂಡಿತ ಬೇಡ. ಜಾಗೃತಿಗೆ ಎಂದು ಕಳಿಸಿದರೂ ಅದು ಅಪರಾಧ. ಪ್ರತಿ ಸಲ ಅದು ಕೈದಾಟಿದಾಗ ಆ ಮಗುವಿಗೆ ಮತ್ತೆ ಅನ್ಯಾಯ ಆದ ಹಾಗೆ. ಯಾರಿಗೂ ಕಳಿಸದೆ, ಎಲ್ಲಿಂದ ಬಂತು, ಯಾವಾಗ ಬಂತು ಎಂಬ ವಿವರದೊಂದಿಗೆ ಪೊಲೀಸರಿಗೆ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ವರದಿ ಮಾಡಬಹುದು. ಫೋಟೊ ಸ್ಟುಡಿಯೊ, ಲಾಡ್ಜ್, ಆಸ್ಪತ್ರೆ, ಮಾಧ್ಯಮದವರಿಗೆ 20ನೇ ಕಲಮಿನಲ್ಲಿ ಬೇರೆಯೇ ಹೊಣೆ ಹೇಳಿದ್ದಾರೆ. ರಿಪೇರಿಗೆ ಬಂದ ಮೊಬೈಲಿನಲ್ಲಿ ಅಂಥದ್ದು ಕಂಡ ಅಂಗಡಿಯವನೂ ಸುಮ್ಮನಿರಬಾರದು.

ಹಾಗೆಯೇ ಮಗುವಿನ ಹೆಸರು, ಫೋಟೊ, ಶಾಲೆ, ಮನೆ, ಓಣಿ ಯಾವುದನ್ನೂ ಗ್ರೂಪಿನಲ್ಲಿ ಹಾಕಬೇಡಿ. ತಂದೆಯ ಹೆಸರು ಹಾಕಿದರೂ ಮಗುವಿನ ಗುರುತು ಹತ್ತುತ್ತದೆ.

ತಿಳಿಸಿದ ಮೇಲೆ ಮಗುವನ್ನು ಠಾಣೆಯಲ್ಲಿ ಕೂರಿಸುತ್ತಾರೆಯೇ?

ರಾತ್ರಿ ಹೊತ್ತು ಯಾವ ಕಾರಣಕ್ಕೂ ಕೂರಿಸುವಂತಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದ ಮಟ್ಟಿಗೆ ಮಹಿಳಾ ಎಸ್‌ಐ ಬರಬೇಕು, ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಎದುರಿಗೆ ಆರೋಪಿಯನ್ನು ತರಬಾರದು. ಕೋರ್ಟಿನಲ್ಲೂ ಮರೆ ಮಾಡುತ್ತಾರೆ. ಮಕ್ಕಳ ಕಲ್ಯಾಣ ಸಮಿತಿ ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ಕೊಡಬಹುದು. ಕೇಸು ಮುಗಿಯುವವರೆಗೆ ಜೊತೆಗಿರುವವರು ಅವರು. ಅವರನ್ನು ಕೇಳಿ ಪಡೆಯಿರಿ. ಎಷ್ಟೋ ಮನೆಯವರಿಗೆ ಹಾಗೊಬ್ಬರು ಸಿಗುತ್ತಾರೆ ಎಂಬುದೇ ಗೊತ್ತಿಲ್ಲ. ವಿಚಾರಣೆಯನ್ನು ಆದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಮನಸ್ಸಿನ ಗಾಯಕ್ಕೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಸಿಗುತ್ತದೆ.

ಆ ಮಗು ಮತ್ತೆ ನನ್ನ ತರಗತಿಗೆ ಬಂದರೆ ಹೇಗೆ ನಡೆದುಕೊಳ್ಳಲಿ?

ಮೊದಲಿನ ಹಾಗೆ. ಅಯ್ಯೋ ಪಾಪ ಎಂಬ ಮುಖ ಬೇಡ. ಹೋಂವರ್ಕ್ ಮಾಡದಿದ್ದರೆ ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಹೇಳಿ. ಏನಾಯಿತು ಎಂದು ಮತ್ತೆ ಕೇಳಬೇಡಿ. ಸ್ಟಾಫ್ ರೂಮಿನಲ್ಲಿ ಅವಳ ಮಾತು ಎತ್ತಿದರೆ ಅಲ್ಲೇ ನಿಲ್ಲಿಸಿ. ಕೋರ್ಟಿಗೆ ಹೋದ ದಿನಗಳ ಪಾಠವನ್ನು ಬರೆದಿಟ್ಟು ಕೊಡಿ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ತೊಂದರೆ ಆಗದ ಹಾಗೆ ಮೊದಲೇ ಮಾತಾಡಿ. ಕಿಟಕಿ ಪಕ್ಕ ಕೂರಬೇಕು ಎಂದರೆ ಕೂರಿಸಿ. ಬಾಗಿಲ ಹತ್ತಿರ ಎಂದರೆ ಬಾಗಿಲ ಹತ್ತಿರ. ಶಾಲೆ ಬಿಟ್ಟ ಮೇಲೂ ಬೋರ್ಡು ಒರೆಸುತ್ತಾ ನಿಂತರೆ ನೀವೂ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಲ್ಲಿ.